ಮಡಿವಾಳದ ಎಲ್ಲ ಸ್ಪೆಲಿಂಗುಗಳು

ಎಂಬತ್ತರ ದಶಕದ ನಡುವಿನಲ್ಲಿ ನಾನು ಜಯನಗರದ ಒಂದು ಮಿಕ್ಸಿ ಕಂಪನಿಯ ಆಫೀಸಿನಲ್ಲಿ ಡೇಟಾ ಎಂಟ್ರಿ ಕೆಲಸಕ್ಕಿದ್ದೆ. ನಾವು ನಾಲ್ವರು ಹೆಂಗಸರು. ಗ್ರಾಹಕರ ವಾರಂಟಿ ಕಾರ್ಡು ನೋಡಿಕೊಂಡು ಕಂಪ್ಯೂಟರಿಗೆ ಟೈಪ್ ಮಾಡುವುದಷ್ಟೇ ನಮ್ಮ ಪಾಲು. ಒಬ್ಬ ಗ್ರಾಹಕರಿಗೆ ಒಂದು ಸಾಲು: ಮೊದಲು ಹೆಸರು, ಕೊನೆಗೆ ಊರು.

ಮಡಿವಾಳದಲ್ಲಿ ರಿಪೇರಿ ಕ್ಯಾಂಪ್ ಇಡಬೇಕೆಂದು ಕಂಪನಿ ತೀರ್ಮಾನಿಸಿತು. ಅಲ್ಲಿನ ಗ್ರಾಹಕರಿಗೆಲ್ಲ ಕಾಗದ ಹಾಕಬೇಕು. ಆದರೆ ಜನ ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಮನಸ್ಸಿಗೆ ಬಂದಂತೆ ಬರೆದಿದ್ದರು: Madiwala, Madivala, Maddiwala, Madivaala.

"ಭಾನುವಾರ ನಾಲ್ಕೂ ಜನ ಬಂದು ಪ್ರಿಂಟೌಟ್ ಓದಿ ಟಿಕ್ ಹಾಕಿ" ಎಂದರು ಮ್ಯಾನೇಜರು.

"ಬೇಕಾಗಿಲ್ಲ ಸಾರ್" ಎಂದೆ ನಾನು. " ಕಂಪ್ಯೂಟರೇ ಹುಡುಕುತ್ತೆ. ಕಂಪ್ಯೂಟರ್ ಜೊತೆ ಬಂದ ಆ ದಪ್ಪ ಪುಸ್ತಕದಲ್ಲಿದೆ, ಓದಿದ್ದೀನಿ."

"ಅದು ಪ್ರೋಗ್ರಾಮರ್‌ಗಳ ಪುಸ್ತಕ ಮೇಡಂ. ನಿಮಗ್ಯಾಕೆ?"

ನನಗೆ ಮೈ ಉರಿಯಿತು. "ಭಾನುವಾರ ನಾನಂತೂ ಬರಲ್ಲ" ಎಂದು ಟರ್ಮಿನಲ್ ಮುಂದೆ ಕೂತೆ.

ಪುಸ್ತಕದ ಪ್ರಕಾರ, ಹುಡುಕಬೇಕಾದ ಅಕ್ಷರಗಳ ಮಾದರಿಯಲ್ಲಿ, ಅಂದರೆ ಪ್ಯಾಟರ್ನಿನಲ್ಲಿ, ಚುಕ್ಕೆ ಇಟ್ಟರೆ ಯಾವುದಾದರೂ ಒಂದು ಅಕ್ಷರ. ನಕ್ಷತ್ರ ಇಟ್ಟರೆ ಅದರ ಹಿಂದಿನದು ಎಷ್ಟು ಸಲವಾದರೂ ಬರಬಹುದು, ಬರದೆಯೂ ಇರಬಹುದು. ಆತುರದಲ್ಲಿ M.*la ಎಂದು ಹೊಡೆದೆ. M ಮತ್ತು la ನಡುವೆ ಏನಿದ್ದರೂ ಸರಿ ಎಂದಂತಾಯಿತು. ಕೋರಮಂಗಲದ ಕೊನೆಗೂ la ಇದೆಯಲ್ಲ, ಹೆಸರಲ್ಲಿ M ಇದ್ದ ಅಲ್ಲಿನವರೆಲ್ಲ ಸಾಲುಗಟ್ಟಿ ಬಂದರು. ಮ್ಯಾನೇಜರು ಜೋರಾಗಿ ನಕ್ಕರು.

ನಾನು ಏಳಲಿಲ್ಲ. Madd*i[vw]aa*la ಎಂದು ಬರೆದೆ. ಚೌಕ ಆವರಣದೊಳಗಿನ ಎರಡರಲ್ಲಿ ಒಂದಿದ್ದರೆ ಸಾಕು. ಎರಡನೆಯ d, ಎರಡನೆಯ a ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಈ ಸಲ ತಮ್ಮ ಹೆಸರಲ್ಲೇ ಮಡಿವಾಳ ಇದ್ದ ಬೇಗೂರು, ಗೊಟ್ಟಿಗೆರೆಯವರೂ ಸೇರಿಕೊಂಡರು. ಕೊನೆಗೊಂದು $ ಹಾಕಿದೆ: ಸಾಲು ಅಲ್ಲಿಗೇ ಮುಗಿಯಬೇಕು. ಅವರು ಉದುರಿಹೋದರು.

ಮ್ಯಾನೇಜರು ಮಧ್ಯಾಹ್ನವೆಲ್ಲ ಕಾರ್ಡುಗಳೊಂದಿಗೆ ತಾಳೆ ನೋಡಿ, ಒಂದನ್ನು ಎತ್ತಿ ಹಿಡಿದರು. "ಇದು ಬಂದಿಲ್ಲ, ನೋಡಿ!"

"Mdiwala ಅಂತ ಟೈಪ್ ಆಗಿದೆ. ಟೈಪ್ ಮಾಡಿದ್ದು ನಾನೇ, ತಿದ್ದುತ್ತೀನಿ. ಪ್ಯಾಟರ್ನ್ ಸರಿಯಾಗೇ ಇದೆ ಸಾರ್."

ಅವರು ಆ ಕಾರ್ಡನ್ನು ಕಟ್ಟಿನೊಳಗೆ ವಾಪಸ್ ಸೇರಿಸಿದರು. ಕಾಗದಗಳು ಅದೇ ಪಟ್ಟಿಯಂತೆ ಹೋದವು. ಮರುದಿನ ಆ ದಪ್ಪ ಪುಸ್ತಕ ಮ್ಯಾನೇಜರ ಬೀರು ಸೇರಿತು, ಬೀಗವೂ ಬಿತ್ತು. ಅಷ್ಟರೊಳಗೆ ಮಿಕ್ಕ ಮೂವರಿಗೂ ಬಸ್ ಸ್ಟಾಪಿನಲ್ಲಿ ನಿಂತು ಎಲ್ಲ ಹೇಳಿಕೊಟ್ಟಿದ್ದೆ. ಮುಂದೆ ಬೇಗೂರಿನ ಪಟ್ಟಿ ಬೇಕೆಂದಾಗ, ನನ್ನ ಪಕ್ಕದ ಸೀಟಿನವಳು ನನಗಿಂತ ಮೊದಲೇ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟಳು.