ಮೊಳದುದ್ದದ ಹಡಗಿಗೆ ಹೊಗೆ

ಆ ದಿನ ಬೆಳಿಗ್ಗೆಯೂ ಗಂಡ ಹೆಂಡತಿ ಜಗಳವಾಡುತ್ತಲೇ ಕೆಲಸಕ್ಕೆ ಕುಳಿತರು. ಜಗಳ ದೊಡ್ಡದಲ್ಲ, ಒಂದು ಸುತ್ತು ತಂತಿಯದು.

"ಹದಿಮೂರಾಯ್ತು. ಇನ್ನೊಂದು ಸುತ್ತು," ಎಂದ ಅವನು, ಕಣ್ಣು ಮುಚ್ಚಿಕೊಂಡೇ.

"ಹದಿನಾಲ್ಕು ಆಗಿದೆ."

"ಹದಿಮೂರು."

"ಮೂರನೇ ಕ್ಲಾಸಿನ ತನಕ ಹೋಗಿದ್ದೀನಿ ನಾನು. ಹದಿನಾಲ್ಕು ಎಣಿಸೋಕೆ ಅಷ್ಟು ಓದು ಸಾಕು. ನಿಮ್ಮ ಹಡಗಿಗೆ ಅದಕ್ಕಿಂತ ಜಾಸ್ತಿ ಬೇಕಾಗೂ ಇಲ್ಲ."

ಮೇಜಿನ ಮೇಲೆ ಆ ಹಡಗು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಮೊಳದುದ್ದದ ಮರದ ಹಡಗು, ಎರಡು ಕೆಂಪು ಹೊಗೆ ಕೊಳವೆ. ಪಾರ್ಕಿನ ಕೊಳ ಬಿಟ್ಟು ಬೇರೆ ನೀರು ಕಾಣದ ಅದಕ್ಕೆ ಎರಡೂ ಕೊಳವೆಯಿಂದ ಹೊಗೆ ಬರಬೇಕಂತೆ. ಹಡಗಿನ ಒಡೆಯ ಸಮುದ್ರ ನೋಡಿದವನಲ್ಲ. ಅದನ್ನು ರಿಪೇರಿ ಮಾಡುವವನೂ ನೋಡಿದವನಲ್ಲ. ಇಂಥವರಿಬ್ಬರ ನಡುವೆ ಸಿಕ್ಕಿಕೊಂಡು ಅವಳು ಕೂದಲಿನಂಥ ತಂತಿ ಸುತ್ತುತ್ತಿದ್ದಳು.

ಹೊಗೆ ಬರಿಸುವುದರಲ್ಲಿ ಯಾವ ಮಹಾ ವಿದ್ಯೆಯೂ ಇಲ್ಲ. ಹೆಬ್ಬೆರಳ ತುದಿಯಷ್ಟು ಹಿತ್ತಾಳೆ ಡಬ್ಬಿ, ಒಳಗೊಂದು ಬತ್ತಿ, ಬತ್ತಿಗೆ ತಂತಿಯ ಸುತ್ತು. ಮೇಲಿಂದ ಎಣ್ಣೆ ಹನಿಸಿ ಬ್ಯಾಟರಿ ಕೊಟ್ಟರೆ ತಂತಿ ಕಾಯುತ್ತದೆ, ಎಣ್ಣೆ ಹೊಗೆಯಾಗಿ ಕೊಳವೆಯಿಂದ ಏಳುತ್ತದೆ. ಎಣ್ಣೆ ಕಡಿಮೆಯಾದರೆ ತಂತಿ ಸುಡುತ್ತದೆ, ಹೆಚ್ಚಾದರೆ ಬತ್ತಿ ಮುಳುಗಿ ಹೊಗೆಯೇ ಬರುವುದಿಲ್ಲ. ಒಲೆಯ ಮೇಲೆ ಬಾಣಲೆ ಇಟ್ಟು ಮರೆತ ಯಾವ ಹೆಂಗಸಿಗೂ ಇಷ್ಟು ಗೊತ್ತು. ಅದನ್ನೇ ಗಂಡಸರು ಕ್ಲಬ್ಬು ಕಟ್ಟಿಕೊಂಡು, ಅಧ್ಯಕ್ಷರನ್ನು ಆರಿಸಿ, ಭಾನುವಾರ ಭಾನುವಾರ ಸೇರಿ ಮಾತಾಡುತ್ತಿದ್ದರು.

ಗಂಡ ಮೊದಲು ಮಾಡುತ್ತಿದ್ದುದು ಮಾನದ ಕೆಲಸ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರು ರಿಪೇರಿ. ಕೆಟ್ಟದ್ದನ್ನು ತಂದುಕೊಟ್ಟವರು ಸರಿಯಾದದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು, ಇವನ ಮುಖವನ್ನೂ ಮರೆಯುತ್ತಿದ್ದರು. ಒಂದು ದಿನ ಬ್ಯಾಂಕಿನ ಮ್ಯಾನೇಜರೊಬ್ಬ ಆಟದ ರೈಲು ಹಿಡಿದು ಬಂದ. ಹೊಗೆ ನಿಂತುಹೋಗಿದೆ, ನೋಡ್ತೀರಾ ಎಂದ. ಇವನು ನೋಡಿದ, ಸರಿ ಮಾಡಿದ. ಆ ಮನುಷ್ಯ ಕೈಕುಲುಕಿ "ನೀವು ಕಲಾವಿದರು" ಎಂದುಬಿಟ್ಟ. ಮುಗಿಯಿತು. ಅಂದಿನಿಂದ ಇಸ್ತ್ರಿ ಪೆಟ್ಟಿಗೆಗಳು ಮೂಲೆ ಸೇರಿದವು. ಬೀದಿಯಲ್ಲಿ ಅವನಿಗೆ 'ಹೊಗೆಯಪ್ಪ' ಎಂದು ಹೆಸರು ಬಿತ್ತು. ಅದನ್ನೂ ಅವನು ಬಿರುದಿನಂತೆ ಹೊತ್ತು ತಿರುಗಿದ. ಮಕ್ಕಳಾಗಲಿಲ್ಲ. "ನಮ್ಮಣ್ಣಂಗೆ ರೈಲಿಗೆ ಹೊಗೆ ಹಾಕೋದರಲ್ಲಿ ಬಿಡುವೆಲ್ಲಿದೆ ಅತ್ತಿಗೆ," ಎಂದು ನಾದಿನಿ ನಗುತ್ತಿದ್ದಳು.

ಆರು ವರ್ಷದ ಹಿಂದೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ಆಮೇಲೆ ಎರಡೂ. ಚಿಮುಟ ಹಿಡಿದರೆ ಚಿಮುಟ ಕುಣಿಯುತ್ತಿತ್ತು. ಒಂದು ಸಂಜೆ ಅವನು ತಲೆ ತಗ್ಗಿಸಿ ಕೂತದ್ದನ್ನು ನೋಡಲಾರದೆ ಅವಳು ಚಿಮುಟ ಕಿತ್ತುಕೊಂಡು ತಾನೇ ಸುತ್ತಿದಳು. ಹೊಗೆ ಬಂತು. ಅವನು ಹೊಗಳಲಿಲ್ಲ. "ಇದು ಹೊರಗೆ ಹೋಗಬಾರದು. ಹೋದ್ರೆ ನನ್ನ ಹೆಸರು ಹೋಯ್ತು," ಎಂದ.

"ಏನು ದೊಡ್ಡ ಹೆಸರು. ಹೊಗೆಯಪ್ಪ."

"ಅದೇ. ಅಷ್ಟೇ ಇರೋದು. ಮಾತು ಕೊಡು."

ಕೊಟ್ಟಳು. ಅಲ್ಲಿಂದ ಆ ಮನೆಗೊಂದು ಪದ್ಧತಿ ಬಂತು. ಕೆಲಸಕ್ಕೆ ಇಬ್ಬರೂ ಕೂರುವುದು, ಬಾಗಿಲು ತಟ್ಟಿದ ಸದ್ದಾದರೆ ಚಿಮುಟ ಅವಳ ಕೈಯಿಂದ ಅವನ ಕೈಗೆ ಹೋಗುವುದು, ಅವಳು ಎದ್ದು ಒಲೆಯ ಹತ್ತಿರ ನಿಲ್ಲುವುದು, ಅವನು ನಡುಗುವ ಕೈಯನ್ನು ಮೊಣಕಾಲ ಸಂದಿಗೆ ತುರುಕಿ ಗಂಭೀರವಾಗುವುದು. ಆರು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಆ ದಿನವೂ ಬಾಗಿಲು ತಟ್ಟಿದ ಸದ್ದಾಯಿತು. ಚಿಮುಟ ಕೈ ಬದಲಾಯಿಸಿತು. ಬಂದವನು ಅದೇ ಮ್ಯಾನೇಜರು. ಈಗ ಕೆಲಸದಿಂದ ನಿವೃತ್ತ, ಕ್ಲಬ್ಬಿನ ಅಧ್ಯಕ್ಷ, ಮೇಜಿನ ಮೇಲಿದ್ದ ಹಡಗಿನ ಒಡೆಯ.

"ಎಷ್ಟು ಸಣ್ಣ ಕೆಲಸ," ಎಂದ ಬಗ್ಗಿ ನೋಡುತ್ತಾ. "ನಿಮ್ಮದು ಕೈಯಲ್ಲ ಮಾರಾಯ್ರೇ, ಯಂತ್ರ."

"ಅಭ್ಯಾಸ ಸಾರ್," ಎಂದ ಗಂಡ. ಕೈ ಮೊಣಕಾಲ ಸಂದಿಯಲ್ಲಿತ್ತು.

"ಅಮ್ಮಾವ್ರೇ, ನಿಮಗೆ ಗೊತ್ತಾ ನಿಮ್ಮ ಯಜಮಾನರ ಬೆಲೆ?"

"ಗೊತ್ತಿಲ್ಲದೆ ಏನು," ಎಂದು ಅವಳು ಟೀ ಲೋಟ ಕುಕ್ಕಿದಳು.

ಮರುದಿನ ಎರಡನೇ ಕೊಳವೆಗೆ ತಂತಿ ಸಾಲದು ಎಂದು ಗಂಡ ಅಂಗಡಿಗೆ ಹೋದ. ಅಂಗಡಿಯ ಮೆಟ್ಟಿಲ ಮೇಲೆ ಸುಸ್ತಾಯಿತೆಂದು ಕುಳಿತವನು ಏಳಲಿಲ್ಲ. ಅಂಗಡಿಯವನು ಪೊಟ್ಟಣ ಕಟ್ಟಿ ಕರೆದಾಗಲೇ ಗೊತ್ತಾದದ್ದು. ಅಷ್ಟು ದೂರ ಹೋಗಿ ಪರರ ಮೆಟ್ಟಿಲ ಮೇಲೆ ಸಾಯಬೇಕಾದರೆ ಏನು ತುರ್ತಿತ್ತು ಎಂದು ಅವಳು ಇವತ್ತಿಗೂ ಕೇಳುತ್ತಾಳೆ. ಒಂದು ಮಾರು ತಂತಿ, ಆಟದ ಹಡಗಿಗೆ.

ಕ್ಲಬ್ಬಿನವರು ಸಾಲಾಗಿ ಬಂದು ಕುರ್ಚಿ ಸಾಲದೆ ನಿಂತರು. ಸತ್ತವನ ಬಗ್ಗೆ ಮಾತಾಡಿದ್ದು ಸ್ವಲ್ಪ, ಹೊಗೆಯ ಬಗ್ಗೆ ಮಾತಾಡಿದ್ದೇ ಬಹಳ. ಅವರಲ್ಲಿ ನಿಜವಾದ ಹೊಗೆ ಕಂಡವನು ಒಬ್ಬನೇ, ನಲವತ್ತು ವರ್ಷ ರೈಲು ಓಡಿಸಿ ನಿವೃತ್ತನಾದ ಡ್ರೈವರಣ್ಣ. ಅವನು ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದ.

"ಮುಂದಿನ ತಿಂಗಳು ಕೊಳದ ಹತ್ತಿರ ಕೂಟ ಇದೆ ಅಮ್ಮಾವ್ರೇ," ಎಂದ ಅಧ್ಯಕ್ಷ. "ಅವರ ಕೊನೇ ಕೆಲಸ ಅಂತ ಈ ಹಡಗನ್ನೇ ಬಿಡ್ತೀವಿ. ಅವತ್ತೇ ಅವರ ಫೋಟೋ ಕ್ಲಬ್ಬಿನ ಗೋಡೆಗೆ ಹಾಕ್ತೀವಿ. ಅಧ್ಯಕ್ಷರಾದವರನ್ನ ಬಿಟ್ಟು ಇಲ್ಲೀವರೆಗೆ ಯಾರದ್ದೂ ಹಾಕಿಲ್ಲ."

"ಒಂದು ಕೊಳವೆ ಆಗಿದೆ, ಇನ್ನೊಂದು ಆಗಿಲ್ಲ," ಎಂದಳು ಅವಳು. "ಇಲ್ಲೇ ಇರಲಿ, ಎರಡು ದಿನ."

"ಇಲ್ಲಿದ್ರೆ ಯಾರು ಮಾಡ್ತಾರೆ? ನಾನೇ ನೋಡ್ಕೋತೀನಿ. ಎರಡು ತಂತಿ ಜೋಡಿಸೋದು ತಾನೇ."

ಅವಳ ನಾಲಗೆಯ ತುದಿಗೆ ಬಂದದ್ದು ಮತ್ತೆ ಒಳಗೆ ಹೋಯಿತು. ಮಾತು ಕೊಟ್ಟಾಗಿತ್ತು, ಈಗ ಗೋಡೆಯ ಮೇಲೆ ಫೋಟೋ ಬೇರೆ. ಕ್ಲಬ್ಬಿನವರ ಗೋಡೆಗೆ ಅವಳು ಕಿಲುಬು ಕಾಸಿನ ಬೆಲೆ ಕೊಡುವವಳಲ್ಲ. ಆದರೆ ಸತ್ತವನು ಕೊಡುತ್ತಿದ್ದ. ಬದುಕಿದ್ದಾಗ ಯಾರಾದರೂ ಇದನ್ನು ಹೇಳಿದ್ದರೆ ಮೂರು ದಿನ ಊಟ ಬಿಟ್ಟು ಕುಣಿಯುತ್ತಿದ್ದ. ಅವಳು ಸುಮ್ಮನೆ ಹಡಗನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅಧ್ಯಕ್ಷ ಟೀ ಕುಡಿದ, ಹಡಗು ತೆಗೆದುಕೊಂಡ, ಕಪಾಟಿನಲ್ಲಿದ್ದ ಹೊಗೆ ಎಣ್ಣೆಯ ಬಾಟಲಿಯನ್ನೂ ತೆಗೆದುಕೊಂಡ. ಉಂಡೂ ಹೋದ, ಕೊಂಡೂ ಹೋದ.

ಕೂಟದ ದಿನ ಕೊಳದ ಸುತ್ತ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಗಂಡನ ಫೋಟೋ, ಎದುರಿಗೆ ಹಡಗು. ಹೆತ್ತವರಿಗೆ ಹೆಗ್ಗಣ ಮುದ್ದು, ಒಬ್ಬೊಬ್ಬರೂ ತಮ್ಮ ತಮ್ಮ ದೋಣಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ಅವಳನ್ನೂ ನಾದಿನಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಅಧ್ಯಕ್ಷ ಕಾಲು ಗಂಟೆ ಮಾತಾಡಿದ. ಆಮೇಲೆ ಬಾಟಲಿ ತೆಗೆದು ಕೊಳವೆಗೆ ಎಣ್ಣೆ ಸುರಿಯತೊಡಗಿದ. ಹನಿಸಲಿಲ್ಲ, ಗಿಡಕ್ಕೆ ನೀರು ಹಾಕುವಂತೆ ಸುರಿದ. ಎಣ್ಣೆ ಕೊಳವೆಯ ಬಾಯಿಗೆ ಬಂದು ನಿಂತಿತು. ಹೆಚ್ಚು ಎಣ್ಣೆ, ಹೆಚ್ಚು ಹೊಗೆ. ಇಷ್ಟು ವರ್ಷ ಕ್ಲಬ್ಬು ನಡೆಸಿ ಅವರು ಕಲಿತದ್ದು ಇದು.

ಹಡಗು ನೀರಿಗಿಳಿಯಿತು. ಅಧ್ಯಕ್ಷ ತಾನೇ ನೋಡಿಕೊಂಡಿದ್ದ ಹಿಂದಿನ ಕೊಳವೆ ಸತ್ತೇ ಇತ್ತು. ಮುಂದಿನದು ಒಮ್ಮೆ ಗೊರಕೆ ಹೊಡೆದು ಬಿಸಿ ಎಣ್ಣೆ ಉಗುಳಿತು. ಕೆಂಪು ಬಣ್ಣ ಗುಳ್ಳೆ ಎದ್ದಿತು. ಹೊಗೆ ಇಲ್ಲ. ಯಾರೋ ಹಿಂದಿನಿಂದ ನಕ್ಕರು.

ಅಧ್ಯಕ್ಷ ಹಡಗನ್ನು ಎತ್ತಿ ಮೇಜಿನ ಮೇಲಿಟ್ಟ, ಫೋಟೋದ ಎದುರೇ. "ಪಾಪ," ಎಂದ, ಎಲ್ಲರಿಗೂ ಕೇಳುವಂತೆ. "ಕೊನೆಕೊನೆಗೆ ಅವರ ಕೈ ಕೆಟ್ಟಿತ್ತು ಅಂತ ಕಾಣುತ್ತೆ. ನಾವು ತಪ್ಪು ತಿಳ್ಕೋಬಾರದು."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು. ಮೇಕೆಗೆ ಬಾಯಿಯೂ ಇರಲಿಲ್ಲ, ಫೋಟೋದಲ್ಲಿತ್ತು.

ಅವಳು ಎದ್ದು ಹೋದಳು. ನಾದಿನಿ ಸೆರಗು ಹಿಡಿದು ಎಳೆದಳು, ನಿಲ್ಲಲಿಲ್ಲ. ಹಡಗನ್ನು ತಲೆಕೆಳಗು ಮಾಡಿ ಎಣ್ಣೆಯನ್ನೆಲ್ಲ ಮೇಜಿನ ಬಿಳಿ ಬಟ್ಟೆಯ ಮೇಲೆ ಸುರಿದಳು. ಕೊಳವೆಗೆ ಬಾಯಿಟ್ಟು ಊದಿದಳು. "ಡ್ರಾಪರ್ ಇದೆಯಾ?" ಎಂದಳು. ಇರಲಿಲ್ಲ. ಒಂದು ಹುಲ್ಲುಕಡ್ಡಿ ಕಿತ್ತು ಬಾಟಲಿಯ ಎಣ್ಣೆಯಲ್ಲಿ ಅದ್ದಿ ಹನಿ ಹನಿಯಾಗಿ ಬಿಟ್ಟಳು, ಹನ್ನೊಂದು ಹನಿ. ಸ್ವಿಚ್ಚು ಒತ್ತಿದಳು. ಹತ್ತು ಎಣಿಸುವಷ್ಟರಲ್ಲಿ ಹೊಗೆ ಎದ್ದಿತು, ತೆಳ್ಳಗೆ, ನೆಟ್ಟಗೆ.

ಚಪ್ಪಾಳೆ ಬಿತ್ತು. ಅಷ್ಟಕ್ಕೇ ನಿಂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಧ್ಯಕ್ಷ ನಿಲ್ಲಬೇಕಲ್ಲ.

"ಗಂಡನ ಪಕ್ಕ ಕೂತೂ ಕೂತೂ ಎಣ್ಣೆ ಹಾಕೋದಾದ್ರೂ ಕಲ್ತಿದ್ದೀರಿ. ಒಳ್ಳೇದು ಒಳ್ಳೇದು. ಪ್ರತಿ ಭಾನುವಾರ ಬನ್ನಿ, ನಮಗೂ ಎಣ್ಣೆ ಹಾಕಿಕೊಡಿ."

"ನೀವು ಮೊದಲು ಹೇಳಿದ್ದು ನಿಜ," ಎಂದಳು ಅವಳು. "ಅವರ ಕೈ ಕೆಟ್ಟಿತ್ತು. ಈಗಲ್ಲ, ಆರು ವರ್ಷದ ಹಿಂದೇನೇ. ಅವತ್ತಿಂದ ಈಚೆಗೆ ನಿಮ್ಮ ಮನೆಗಳಿಗೆ ಬಂದಿರೋ ರೈಲು ದೋಣಿ ಎಲ್ಲ ನಾನು ಮಾಡಿದ್ದು. ನೀವು ಬಾಗಿಲು ತಟ್ಟಿದಾಗ ಅವರು ಚಿಮುಟ ಹಿಡ್ಕೊಂಡು ಕೂರ್ತಿದ್ರು. ನೀವು ನೋಡಿ ನೋಡಿ ಹೊಗಳ್ತಿದ್ರಿ."

ಹಡಗು ಹೊಗೆ ಬಿಡುತ್ತಲೇ ಇತ್ತು.

"ಹಾಗಾದ್ರೆ ನಮಗೆ ಮೋಸ ಆಗಿದೆ," ಎಂದ ಅಧ್ಯಕ್ಷ.

ಫೋಟೋ ಗೋಡೆ ಸೇರಲಿಲ್ಲ. ಪೇಪರಿನಲ್ಲಿ ಸುತ್ತಿ ಅವಳ ಕೈಗೇ ಕೊಟ್ಟರು. ದಾರಿಯುದ್ದಕ್ಕೂ ನಾದಿನಿ ಅಂದದ್ದೇ ಅಂದಳು: "ನಮ್ಮಣ್ಣನ ಮರ್ಯಾದೆ ಕೊಳಕ್ಕೆ ಹಾಕಿ ಬಂದ್ರಲ್ಲ ಅತ್ತಿಗೆ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೋರು ಇನ್ನೊಂದು ಗಳಿಗೆ ಮುಚ್ಕೊಂಡಿದ್ರೆ ಏನಾಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹದಿನೈದು ದಿನ ಕಳೆದ ಮೇಲೆ ಡ್ರೈವರಣ್ಣ ಒಬ್ಬನೇ ಬಂದ. ಕೈಚೀಲದಲ್ಲಿ ಒಂದು ಆಟದ ಎಂಜಿನ್ನು.

"ಇದು ಹೊಗೆ ಬಿಡ್ತಿಲ್ಲಮ್ಮ. ನೋಡ್ತೀಯಾ?"

"ಮೋಸದ ಕೈ ಅಣ್ಣ ಇದು."

"ನಲವತ್ತು ವರ್ಷ ನಾನು ಎಂಜಿನ್ನಲ್ಲಿ ನಿಂತೆ, ಕಲ್ಲಿದ್ದಲು ಎತ್ತಿ ಹಾಕ್ತಿದ್ದೋನು ಬೇರೆ. ಎಲ್ಲರೂ ಸಲಾಮು ಹೊಡೀತಿದ್ದದ್ದು ನಂಗೆ. ಇಟ್ಕೊ, ಮಾಡು."

ಅವಳು ಮೇಜಿಗೆ ಕೂತಳು. ಈಗ ಯಾರಿಗೂ ಹೆದರಿ ಏಳಬೇಕಾಗಿಲ್ಲ, ಎಣಿಕೆ ತಪ್ಪು ಎನ್ನುವವನೂ ಇಲ್ಲ. ಹದಿನಾಲ್ಕು ಸುತ್ತು ಸುತ್ತಿ ಬ್ಯಾಟರಿ ಕೊಟ್ಟಳು. ತಂತಿ ಸುಟ್ಟಿತು. ಇನ್ನೊಂದು ಸುತ್ತಿದಳು, ಸುಟ್ಟಿತು. ಮೂರನೆಯದು ಬಿಸಿಯೇ ಆಗಲಿಲ್ಲ. ನಾಲ್ಕನೆಯದು ಬತ್ತಿಯನ್ನೇ ಕರಿ ಮಾಡಿತು. ಬೆರಳು ಅವೇ, ತಂತಿ ಅದೇ ಅಂಗಡಿಯದು.

ಆಗ ಗೊತ್ತಾಯಿತು. ಒಂದು ಕ್ಷಣ ಬ್ಯಾಟರಿ ತಾಗಿಸಿ ತೆಗೆದರೆ ಸಾಕು, ಪಕ್ಕದಲ್ಲಿ ಕಣ್ಣುಮುಚ್ಚಿ ಕೂತವನು ಮೂಗು ಅರಳಿಸಿ ಹೇಳುತ್ತಿದ್ದ, ಒಂದು ಸುತ್ತು ಹಾಕು, ಬತ್ತಿ ಸಡಿಲ ಮಾಡು, ಈಗ ಸರಿ. ಕೈಲಾಗದವನು ಬಾಯಲ್ಲಾದರೂ ಯಜಮಾನಿಕೆ ಮಾಡಲಿ ಎಂದು ಅವಳು ಸಹಿಸಿಕೊಂಡಿದ್ದಳು. ಅವನು ಬಾಯಿಮಾತಿಗೆ ಹೇಳುತ್ತಿರಲಿಲ್ಲ, ಮೂಸಿ ಹೇಳುತ್ತಿದ್ದ. ಕತ್ತೆಗೇನು ಗೊತ್ತು ಕಸ್ತೂರಿಯ ವಾಸನೆ ಎಂದು ಕ್ಲಬ್ಬಿನವರನ್ನು ಹೀಗಳೆದವಳಿಗೆ ತನ್ನ ಮೂಗಿನ ಕೆಳಗೇ ಇದ್ದದ್ದು ತಿಳಿದಿರಲಿಲ್ಲ. ಅವನೂ ಹೇಳಿದವನಲ್ಲ. ಹೇಳಬೇಕಾದ್ದನ್ನು ಯಾವತ್ತು ಹೇಳಿದ್ದ ಆ ಮನುಷ್ಯ.

ಎಂಜಿನ್ನು ಸರಿಯಾಗಲು ಒಂಬತ್ತು ದಿನ ಹಿಡಿಯಿತು. ಡ್ರೈವರಣ್ಣ ಬಂದಾಗ ಹೇಳಿದಳು: "ಕೊಳದ ಹತ್ರ ನಾನು ಹೇಳಿದ್ದರಲ್ಲಿ ಅರ್ಧ ಸುಳ್ಳು ಅಣ್ಣ."

"ಯಾವ ಅರ್ಧ?"

"ಎಲ್ಲ ನಾನು ಮಾಡಿದ್ದು ಅಂದೆನಲ್ಲ, ಅದು."

"ಕ್ಲಬ್ಬಲ್ಲಿ ಹೇಳ್ಲಾ?"

"ಬೇಡ. ಅವರಿಗೆ ಒಂದು ಸಲ ಅರ್ಥ ಆಗೋದೇ ಕಷ್ಟ. ಎರಡನೇ ಸಲ ಹೇಳಿದ್ರೆ ಕಮಿಟಿ ಕೂರಿಸ್ತಾರೆ."

ಅವನು ಕೆಮ್ಮಿನ ನಡುವೆ ನಕ್ಕ. ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಹೊಗೆ ನೋಡಿದ, ತಲೆಯಾಡಿಸಿದ, ಚೀಲಕ್ಕೆ ಹಾಕಿಕೊಂಡು ಹೋದ. ಮುಂದಿನ ವಾರ ಇನ್ನೊಬ್ಬರನ್ನು ಕಳಿಸಿದ. ಆಮೇಲೆ ಮತ್ತೊಬ್ಬರು ಬಂದರು. ಮೋಸ ಹೋದೆವು ಎಂದವರೇ ಅಡ್ಡದಾರಿಯಿಂದ ಚೀಲ ಮುಚ್ಚಿಕೊಂಡು ಬರುತ್ತಾರೆ. ಅವರನ್ನು ಅವಳು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡುತ್ತಾಳೆ. ಅಧ್ಯಕ್ಷ ಮಾತ್ರ ಬಂದಿಲ್ಲ. ಅವನ ಹಡಗಿನ ಹಿಂದಿನ ಕೊಳವೆ ಇನ್ನೂ ಹಾಗೇ ಇದೆಯಂತೆ.

ಅವಳಿಗೆ ಆ ಮೂಗು ಬರಲಿಲ್ಲ. ಬರುವುದೂ ಇಲ್ಲ. ಅವನು ಒಂದು ಉಸಿರಲ್ಲಿ ತಿಳಿಯುತ್ತಿದ್ದುದನ್ನು ತಿಳಿಯಲು ಅವಳು ಪ್ರತಿಯೊಂದನ್ನೂ ಎಣ್ಣೆ ಮುಗಿಯುವ ತನಕ ಉರಿಸಿಯೇ ನೋಡಬೇಕು. ಮಧ್ಯಾಹ್ನವೆಲ್ಲ ಕೋಣೆಯ ತುಂಬ ಹೊಗೆ. ಅದು ಕಿಟಕಿಯ ಗಾಜಿಗೆ ಜಿಡ್ಡಾಗಿ ಕೂರುತ್ತದೆ, ಮರುದಿನ ಬೀದಿಯೇ ಕಾಣದಷ್ಟು. ಹಾಗಾಗಿ ಬೆಳಿಗ್ಗೆ ಎದ್ದವಳು ಒಲೆಯ ಮೇಲೆ ಟೀಗೆ ನೀರಿಟ್ಟು ಮೊದಲು ಕಿಟಕಿಗೆ ಬರುತ್ತಾಳೆ. ಸೋಪು ನೀರಿನ ಬಟ್ಟೆಯಿಂದ ಒಂದು ಸಲ, ಹಳೇ ಪೇಪರಿನಿಂದ ಇನ್ನೊಂದು ಸಲ. ಮೂಲೆಯ ಜಿಡ್ಡನ್ನು ಉಗುರಿನಿಂದ ಕೆರೆಯುತ್ತಾಳೆ. ನಾಲ್ಕು ಗಾಜು ಒರೆಸಿ ಮುಗಿಸುವಷ್ಟರಲ್ಲಿ ನೀರು ಕುದಿಯುತ್ತದೆ.