ರಿದಂ ಗುಂಡಿಗೆ ಅಂಟಿಸಿದ ಟೇಪು

ಕಂದು ಟೇಪಿನ ಒಂದು ತುಂಡು ಈ ಶುಕ್ರವಾರ ನನ್ನ ಬೆರಳಿಗಂಟಿ ಬಿಡಲೊಲ್ಲದು ನೋಡಿ. ಚರ್ಚಿನಲ್ಲಿ ಕನ್ನಡ ಪೂಜೆಗೆ ಮುನ್ನ ಹಾಡಿಗೆ ನುಡಿಸುವ ಕೀಬೋರ್ಡ್ ಒರೆಸುತ್ತಿದ್ದೆ. ಕುವೈತಿನ ಸೆಖೆಗೆ ಅಂಟು ಕರಗಿ ಅದು ಕಳಚಿ ಬಂತು. ಕೆಳಗಿದ್ದದ್ದು ರಿದಂ ಗುಂಡಿ. ಒತ್ತಿದರೆ ಯಂತ್ರವೇ ಡ್ರಮ್ಸ್ ಬಾರಿಸುತ್ತದೆ.

ಟೇಪು ಅಂಟಿಸಿದ್ದು ನಮಗೆ ಹಾಡು ಕಲಿಸುತ್ತಿದ್ದ ಸಿರಿಲ್ ಬಾಪ್ಪು. ನನ್ನ ಸಂಬಂಧಿಯೇನಲ್ಲ, ಮಂಗಳೂರು ಕಡೆಯ ಕ್ರೈಸ್ತರಾದ ನಾವು ಪ್ರೀತಿಯ ಹಿರಿಯರನ್ನೆಲ್ಲ ಬಾಪ್ಪು, ಅಂದರೆ ಚಿಕ್ಕಪ್ಪ, ಮಾಡಿಕೊಂಡುಬಿಡುತ್ತೇವೆ. ವಾರವಿಡೀ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ದುಡಿದು ಅಲ್ಲಿನ ಗದ್ದಲ ಕೇಳಿದ ಅವರಿಗೆ ಇಗರ್ಜಿಯಲ್ಲಿ ಮೆಲ್ಲನೆಯ ಹಾಡೇ ಆಗಬೇಕು. ನಾನೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಯಾರಾದರೂ ‘ಭಕ್ತಿ’ ಎಂದರೆ ಮೊದಲು ವ್ಯಾಖ್ಯಾನ ಕೊಡಿ ಎನ್ನುವ ಜಾತಿ.

ಕನ್ನಡ ಪೂಜೆ ತಿಂಗಳಿಗೊಂದೇ. ಆಗ ಹುಡುಗರು ಇಂಗ್ಲಿಷ್ ಪೂಜೆಗೆ ಜಾರುತ್ತಿದ್ದರು. ಹಾಡುವವರೇ ಇಲ್ಲದಿದ್ದರೆ ಇದೂ ಖಲಾಸ್.

“ಬೀಟ್ ಹಾಕುವ, ಬಾಪ್ಪು, ಮಕ್ಕಳು ಬರ್ತಾರೆ,” ಎಂದೆ.

“ಬರ್ತಾರೆ. ಪೂಜೆಗಾ, ಬೀಟಿಗಾ?”

“ಎದೆಗೆ ಬಡಿತ ಕೊಟ್ಟದ್ದು ದೇವರೇ ಅಲ್ವಾ?”

“ಎದೆ ಬಡೀತದೆ ಅಂತ ನೀನು ಸೊಂಟ ಕುಣಿಸ್ತೀಯಾ ಮಾರಾಯಾ?”

ಕೊನೆಗೆ ಒಂದು ಸಲ ನೋಡುವ ಎಂದರು. ಪರಮಪ್ರಸಾದದ ನಂತರದ ಹಾಡಿಗೆ ಗುಂಡಿ ಒತ್ತಿದೆವು. ಮಕ್ಕಳ ದನಿ ಏರಿತು, ಬಾಪ್ಪುವಿನದು ಅದಕ್ಕಿಂತ ಮೇಲೆ. ಮುಗಿದದ್ದೇ ತಡ, ಚಪ್ಪಾಳೆ! ಎಲ್ಲರೂ ಕಣ್ಣುಮುಚ್ಚಿ ಮೌನವಾಗಿರಬೇಕಾದ ಹೊತ್ತು ಅದು.

ಹೊರಗೆ ಚಹಾ ಹಿಡಿದು “ನೋಡಿದ್ರಾ?” ಎಂದೆ, ಗೆದ್ದವನ ಗತ್ತಿನಲ್ಲಿ.

“ಚಪ್ಪಾಳೆ ಬಿದ್ದಾಗ ನೀನು ಎಲ್ಲಿ ನೋಡಿದ್ದು?”

“ಜನರ ಕಡೆ.”

“ನಾನೂ ಅಲ್ಲೇ. ಬಲಿಪೀಠ ಪಕ್ಕದಲ್ಲೇ ಉಂಟು ಅಂತ ಮರ್ತೇಹೋಯ್ತು. ಇನ್ನೊಂದ್ಸಲ ಹೊಡೀಲಿ ಅಂತ ಆಸೆ ಆಯ್ತು ನನಗೆ.”

ಎದುರಾಳಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದರೆ ಏನು ವಾದಿಸುತ್ತೀರಿ? ಮುಂದಿನ ಅಭ್ಯಾಸಕ್ಕೆ ಅವರು ಟೇಪು ತಂದರು. “ಇದು ನಿನಗಲ್ಲ, ನನಗೆ” ಎನ್ನುತ್ತ ಒತ್ತಿ ಅಂಟಿಸಿದರು.

ಆಮೇಲೆ ಇಬ್ಬರು ಹುಡುಗರು ಬಿಟ್ಟುಹೋದರು, ಉಳಿದವರು ಉಳಿದರು. ಪೂಜೆ ನಿಲ್ಲಲೂ ಇಲ್ಲ, ತುಂಬಿ ತುಳುಕಲೂ ಇಲ್ಲ. ಕುವೈತಿನಲ್ಲಿರುವ ಪರವಾನಗಿ, ಇಕಾಮಾ, ಮುಗಿದು ಬಾಪ್ಪು ಊರಿಗೆ ಹೋದರು. ಹಾಡಿಸುವ ಕೆಲಸ ನನ್ನ ತಲೆಗೆ ಬಂತು.

“ವೈ ಡೋಂಟ್ ವಿ ಯೂಸ್ ಇಟ್?” ಈ ಶುಕ್ರವಾರ ಪಕ್ಕದಲ್ಲಿದ್ದ, ಹಾಡಲು ಬಂದ ಹೊಸ ಹುಡುಗಿ ಟೇಪು ಕಳಚಿದ ಆ ಗುಂಡಿ ತೋರಿಸಿದಳು. ಎರಡೂ ಕಡೆಯ ವಾದ ನನ್ನಲ್ಲಿತ್ತು. ತಾಳ ಪಾಪವಲ್ಲ ಎಂದು ಈಗಲೂ ಹೇಳುತ್ತೇನೆ, ಬೇಕಾದರೆ ಬನ್ನಿ ವಾದಕ್ಕೆ. ಆದರೆ ಕಳೆದ ತಿಂಗಳು ಬರೀ ಮೆಲುದನಿಯ ಹಾಡು ಮುಗಿದಾಗಲೂ ನನ್ನ ಕಣ್ಣು ಜನರ ಕಡೆ ಹೋಗಿತ್ತಲ್ಲ!

“ಟೇಪು ಉಂಟಾ ನೋಡು ಎಲ್ಲಾದರೂ,” ಎಂದೆ. “ನನಗೆ ಬೇಕು.”