ಉಗ್ರಾಣದಲ್ಲಿ ಕೂರಿಸಿದ ಮುಖ

ನನಗೆ ಹತ್ತೊಂಬತ್ತು ತುಂಬಿದ ವರ್ಷ, ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ, ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಗೆ ಬೆಂಕಿ ಬಿತ್ತು. ಸೊಪ್ಪು ಕಟ್ಟಿದ್ದ ಕಡ್ಡಿಯೊಂದು ಒಲೆಯ ಬಿಸಿಗೆ ಕಾದ ತಗಡಿನ ಕೊಳವೆಯ ಮೇಲೆ ಜಾರಿತ್ತು. ಉಳಿದದ್ದನ್ನಾದರೂ ಎಳೆದುಕೊಳ್ಳೋಣವೆಂದು ನಾನೇ ಒಳಗೆ ನುಗ್ಗಿದೆ. ಎಡಗೆನ್ನೆ, ಕತ್ತು, ಎಡಗೈ ಸುಟ್ಟವು. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದೆ.

ಗಾಯದ ಉರಿಯನ್ನು ಹೇಗೋ ತಡೆದುಕೊಂಡೆ. ಮನೆಗೆ ಬಂದ ಮೇಲೆ, ನೋಡಲು ಬಂದವರನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ಕಿತ್ತಳೆ ಹಣ್ಣು ಹಿಡಿದು ಬರುತ್ತಿದ್ದರು, ಜಗುಲಿಯಲ್ಲಿ ಕೂತು ಲೊಚಗುಟ್ಟುತ್ತಿದ್ದರು, ಕಾಫಿ ಕುಡಿದು, ನನ್ನ ಮುಖವನ್ನು ಕಣ್ತುಂಬ ನೋಡಿಕೊಂಡು ಹೋಗುತ್ತಿದ್ದರು. ಬೀದಿಯ ತಿರುವಿನಲ್ಲಿ ಅದೇ ಬಾಯಿಗಳು, ನಾನು ಯಾರಿಗಾಗಿಯೋ ಸೀಮೆಎಣ್ಣೆ ಸುರಿದುಕೊಂಡೆ ಎನ್ನುತ್ತಿದ್ದವು. ಬ್ಯಾರನ್ನಿನ ಕರಿ ಹಿಡಿದ ಗೋಡೆ ಅವರ ಕಣ್ಣೆದುರೇ ನಿಂತಿತ್ತು. ಅದನ್ನು ನೋಡಿದರೆ ಕಥೆ ಕೆಡುತ್ತಿತ್ತು, ಅದಕ್ಕೇ ನೋಡಲಿಲ್ಲ.

ಸೋದರತ್ತೆಯ ಮಗನಿಗೆ ನನ್ನನ್ನು ಕೊಡುವುದೆಂದು ಚಿಕ್ಕಂದಿನಿಂದ ಮಾತಾಗಿತ್ತು. ಅತ್ತೆ ಬಂದು ಅಪ್ಪನ ಮುಂದೆ ಒಣಗಣ್ಣು ಒರೆಸಿಕೊಂಡಳು. "ನಂದೇನಿಲ್ಲ ಕಣಣ್ಣ. ಹುಡ್ಗನೇ ಒಲ್ಲೆ ಅಂತಾನೆ." ಹುಡುಗ ಅಂಗಳದಲ್ಲಿ ಮೊಪೆಡ್ಡಿಗೆ ಒರಗಿ ನಿಂತಿದ್ದ. ಒಳಗೆ ಬಂದು ಒಲ್ಲೆ ಅನ್ನುವಷ್ಟೂ ದಮ್ಮಿರಲಿಲ್ಲ. ಆರು ತಿಂಗಳ ನಂತರ ಅತ್ತೆಯೇ ನನಗೊಂದು ಗಂಡು ತಂದಳು: ಹುಣಸೂರಿನ ಕಡೆಯ, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ ಮುದುಕ. "ಇಂಥೋಳ್ಗೆ ಇನ್ಯಾರು ಸಿಕ್ತಾರೆ?" ಅಂದಳು. ಅವ್ವ, "ಅಷ್ಟು ಚೆನ್ನಾಗವ್ನೆ ಅಂದ್ರೆ ನೀನೇ ಓಗಮ್ಮ" ಅಂದಳು.

ಅವ್ವ ದಿನಾ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿದುಕೊಂಡಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು ಬಿಡುತ್ತಿರಲಿಲ್ಲ. ಒಂದು ವರ್ಷ ನಾನು ದಾವಣಿಯ ಸೆರಗಿನಲ್ಲಿ ಕೆನ್ನೆ ಮುಚ್ಚಿಕೊಂಡು ತಿರುಗಿದೆ. ಊರವರಿಗಿಂತ, ಆ ಸೆರಗಿನ ಹಿಂದೆ ಅಡಗಿದ್ದ ಹೇಡಿಯ ಮೇಲೆಯೇ ನನಗೆ ಈಗಲೂ ಹೆಚ್ಚು ತಾತ್ಸಾರ.

ಮರುವರ್ಷ ಕೆ.ಆರ್. ನಗರದ ಛತ್ರದಲ್ಲಿ ದೊಡ್ಡಪ್ಪನ ಮಗಳ ಮದುವೆ. ದೊಡ್ಡಮ್ಮ ಬಾಗಿಲಲ್ಲೇ ನನ್ನ ತೋಳು ಹಿಡಿದಳು. "ಬೀಗ್ರ ಕಡೇರು ತುಂಬವ್ರೆ ಕಣವ್ವ. ನೀನು ಉಗ್ರಾಣದಲ್ಲೇ ಇರು, ವಸಿ ಕಾಯಿ ತುರ್ದುಕೊಡು." ಮದುಮಗಳ ಪಕ್ಕದಲ್ಲಿ ನಿಲ್ಲಬೇಕಾದವಳು ನಾನು. ಕುಂಬಳಕಾಯಿ, ಅಕ್ಕಿ ಮೂಟೆಗಳ ನಡುವೆ ಕೂತೆ. ಓಲಗ ಜೋರಾಯಿತು. ತಾಳಿ ಕಟ್ಟಿದ್ದು ನನಗೆ ಕಾಣಲಿಲ್ಲ.

ಆಮೇಲೆ ಎದ್ದೆ. ಸೆರಗನ್ನು ಕೆನ್ನೆಯಿಂದ ತೆಗೆದು ಸೊಂಟಕ್ಕೆ ಸಿಗಿಸಿ, ಸಾರಿನ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಹೋದೆ. ಎಡಗೈ ನೋಯುತ್ತಿತ್ತು, ಆದರೆ ಬೆರಳು ಬಗ್ಗಿದವು. ಮೂರನೆಯ ಎಲೆಯ ಮುಂದೆ ಕೂತಿದ್ದ, ರೇಷ್ಮೆ ಶಲ್ಯದ ಹಿರಿಯರೊಬ್ಬರು ಅಂಗೈ ಅಡ್ಡ ಹಿಡಿದರು. "ನೀನ್ ಬ್ಯಾಡ ಕಣಮ್ಮ. ಬ್ಯಾರೆ ಯಾರ್ನಾದ್ರೂ ಕಳ್ಸು."

"ಬ್ಯಾರೆ ಯಾರೂ ಇಲ್ಲ ಕಣ್ರೀ," ಅಂದು ನಾಲ್ಕನೆಯ ಎಲೆಗೆ ಬಡಿಸಿದೆ. ಹಪ್ಪಳಕ್ಕೂ ನಾನೇ ಬಂದೆ, ಪಾಯಸಕ್ಕೂ ನಾನೇ ಬಂದೆ, ಎರಡರಲ್ಲೂ ಅವರನ್ನು ದಾಟಿದೆ. ಅವರು ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸುತ್ತಿದ್ದರು. ಪಕ್ಕದ ಎಲೆಯ ಹೆಂಗಸು ಕಿಸಕ್ಕನೆ ನಕ್ಕಳು. ಕೊನೆಗೆ ಅವರೇ ತಗ್ಗಿದ ದನಿಯಲ್ಲಿ, "ವಸಿ ಮಜ್ಗೆನಾದ್ರೂ ಬುಡವ್ವ" ಅಂದರು. ಬಿಟ್ಟೆ. ಎಲೆಯ ಮೇಲೆ, ಅವರ ಕೈಗೆ ತಾಗುವಷ್ಟು ಹತ್ತಿರದಿಂದಲೇ ಬಿಟ್ಟೆ.

ದೊಡ್ಡಮ್ಮ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ನೆಮ್ಮದಿಯಾಗಿತ್ತು. ಹೊಲಿಗೆ ಕಲಿತು ಪಿರಿಯಾಪಟ್ಟಣದಲ್ಲಿ ಸಣ್ಣ ಅಂಗಡಿ ಇಟ್ಟೆ. ಎಡಗೈ ಬಟ್ಟೆಯನ್ನು ಒತ್ತಿ ಹಿಡಿಯುವಷ್ಟು ಪಳಗಿತು. ಮದುವೆಯಾಗಲಿಲ್ಲ, ಕೇಳಿಕೊಂಡು ಬಂದವರು ಯಾರೂ ಆ ಯೋಗ್ಯತೆಯವರು ಅನ್ನಿಸಲಿಲ್ಲ. ಜಗುಲಿಯಲ್ಲಿ ಲೊಚಗುಟ್ಟಿದವರೇ ಈಗ ರವಿಕೆ ಹೊಲಿಸಲು ಬರುತ್ತಾರೆ. "ನಿನ್ ಧೈರ್ಯ ಯಾರ್ಗೂ ಬರಲ್ಲ ಕಣವ್ವ" ಎನ್ನುತ್ತಾರೆ.

"ಕೈ ಎತ್ರವ್ವ," ಅಂದು ಅಳತೆ ತೆಗೆದುಕೊಳ್ಳುತ್ತೇನೆ.